ಪರಾತ ಬಿಟ್ಟು

ಮೊದಲು ಬಾಗಿಲ ಮೂಲಿಗೆ,
ಆಮ್ಯಾಲ ಭೀಮಶಾನ ಚಪ್ಪಲಿಯೊಳಗ,
ಶುಕ್ರವಾರ ಜ್ವಾಳದ ಡಬ್ಬಿ ಬುಡಕ,
ಶನಿವಾರ ಮಗಳ ಕೌದಿ ಮ್ಯಾಲ.
ಪರಾತ ಒಂದು ಬಿಟ್ಟು
ಮನಿ ತುಂಬ ಜಾಗ ಹುಡುಕಿದ ನಮ್ಮ ತಾಸೀಲ್ದಾರ.

ಹೆಸರಿಟ್ಟಾಕಿ ಸುಗಲಾ.
ಸರ್ವೆಗೆ ಬಂದವನ ಹಾಂಗ ಬಾಲ ಎತ್ತಿ
ಎಲ್ಲಾ ಮೂಲಿ ನೋಡತಾನ,
ಸಹಿ ಮಾತ್ರ ಹಾಕಂಗಿಲ್ಲ ಅಂತಿದ್ದಳು.
ಈಗ ನೋಡ್ರಿ, ಕಂಡಲ್ಲೆಲ್ಲಾ ಸಹಿ.

ಶಹಾಬಾದದಾಗ ಹಾಸೂದೂ ಫರ್ಸಿ, ಹೊದಿಸೂದೂ ಫರ್ಸಿ.
ಒಮ್ಮೆ ಕುಡದದ್ದು ಮರೆಯಂಗಿಲ್ಲ ಈ ಕಲ್ಲು.
ಅರಿಷಿಣ ಚೆಲ್ಲಿದ ಗುರುತು,
ಎಣ್ಣಿ ಚೆಲ್ಲಿದ ಗುರುತು,
ನನ್ನ ಹೆರಿಗಿ ದಿನದ್ದೊಂದು.
ಅದರ ನಡುವ ಇವನ ನಕಾಶಿ.

ಫಿನಾಯಿಲ್ ಸುರುವಿದೆ.
ಅದರ ವಾಸನಿಗೇ ಮತ್ತ ಅಲ್ಲೇ ಬಂದು ಕೂತ.
ನಿಂಬಿ ಸಿಪ್ಪಿ ಇಟ್ಟೆ, ಊದಿನಕಡ್ಡಿ ಹಚ್ಚಿದೆ.
ಬಾಜೂ ಮನಿ ರಬಿಯಾಬೀ
ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು.
ಬೆಕ್ಕು ಸೀನಿತು, ಅಷ್ಟ.
ಅತ್ತಿ ಅಂದರು: ಚೀಲದಾಗ ಹಾಕಿ ವಾಡಿ ಗಾಡಿಗೆ ಬಿಟ್ಟು ಬಾ.
ನಾನೂ ಒಂದು ಸಲ ಹೊಡದೆ.
ಕಸಬರಿಗಿಯ ಹಿಡಿಯಿಂದಲ್ಲ, ಕಡ್ಡಿಯಿಂದ.
ಆದರೂ ಹೊಡದೆ.

ಹಳೇ ಪರಾತದಾಗ ಫರ್ಸಿ ಕೊಯ್ದ ಪುಡಿ
ಜರಡಿ ಹಿಡಿದು ತುಂಬಿದ್ದೆ.
ಎರಡು ವರ್ಷ ಅದರಾಗ ಕೆದರಿ, ಕೂತು, ಮುಚ್ಚಿ,
ಹೊಲದ ಮಾಲಕನ ಹಾಂಗ ಹೊರಗ ಬರತಿದ್ದ.
ಈಗ ಅಂಚಿಗೆ ಕಾಲಿಟ್ಟರ
ಕೆಂಡ ತುಳದಾಂಗ ಜಿಗೀತಾನ.

ರವಿವಾರ ನಸುಕಿನಾಗ
ಬಚ್ಚಲ ಕಲ್ಲಿನ ಮ್ಯಾಲ ಕೂತಿದ್ದ.
ಬೆನ್ನು ಬಿಲ್ಲಾಗಿತ್ತು. ಭಾಳ ಹೊತ್ತು.
ಒದರಿದ. ಹಸಿವಿನ ದನಿ ಅಲ್ಲ,
ಹೆಣ್ಣು ಹುಡುಕೂ ದನಿನೂ ಅಲ್ಲ.
ಇಳಿದು ಹೋದ ಮ್ಯಾಲ ನೋಡಿದೆ:
ಒಂದ ಹನಿ,
ಕುಂಕುಮ ತೊಳದ ನೀರಿನ ಬಣ್ಣದ್ದು.

ಜ್ವಾಳದ ಬುಟ್ಟ್ಯಾಗ ಕೂಡಿಸಿ, ಮ್ಯಾಲ ಸೀರಿ ಕಟ್ಟಿ,
ಟಂಟಂನಾಗ ಕಲಬುರಗಿಗೆ.
ಡಾಕ್ಟರ್ ವೈಜನಾಥ ಹೊಟ್ಟಿ ಒತ್ತಿ ಸುಮ್ಮನಾದರು.
ಮೋಸಂಬಿಯಷ್ಟು ಉಬ್ಯಾದಮ್ಮ ಉಚ್ಚಿ ಚೀಲ.
ನಾಳೆ ತಂದಿದ್ದರ ಕುಣಿ ತೋಡಬೇಕಾಗತಿತ್ತು.
ಕಲ್ಲು ಅದ ಒಳಗ, ಸಣ್ಣ ಉಸುಕಿನಂಥಾದ್ದು.

ನಂಗ ನಗು ಬಂತು.
ಶಹಾಬಾದದಾಗ ಹುಟ್ಟಿದವನ ಹೊಟ್ಟ್ಯಾಗ
ಕಲ್ಲಲ್ಲದ ಮತ್ತೇನಿರತದ ಸಾಹೇಬ್ರ?
ಡಾಕ್ಟರ್ ನಗಲಿಲ್ಲ. ನಳಿಗಿ ತೊಳಕೋತ ಅಂದರು:
ಪರಾತದಾಗ ಕೂತಾಗೆಲ್ಲಾ ಉರದದ ಅದಕ್ಕ.
ಆ ಪರಾತನ ಕಚ್ಚತದ ಅಂತ ತಿಳಕೊಂಡದ.
ಕಚ್ಚಲಾರದ ಜಾಗ ಹುಡುಕ್ಯಾದ, ಅಷ್ಟ.
ಸಿಟ್ಟಲ್ಲ ಅದು. ಸೇಡೂ ಅಲ್ಲ.

ಬುಟ್ಟಿ ಮಡಿಲಾಗಿಟ್ಟುಕೊಂಡು ತಿರುಗಿ ಬಂದ್ವಿ.
ಟಂಟಂ ಹುಡುಗ ಪಾಲಿಶ್ ಕಾರಖಾನಿ ದಾರಿ ಹಿಡಿದ.
ಭೀಮಶಾ ಮಾರಿ ಆ ಕಡೆ ತಿರುವಿದ.
ಮೂರು ವರ್ಷದ ಹಿಂದ ಅಲ್ಲಿಯ ಮಷೀನು
ಎರಡು ಬಟ್ಟು ತಿಂದದ ಅವನದು.
ಆವತ್ತಿನಿಂದ ಬಜಾರಕ್ಕ ಹೋಗಬೇಕಂದರ
ರೈಲು ಪಟ್ಟಿ ಗುಂಟ ಸುತ್ತು ಹಾಕತಾನ.
ಅರ್ಧಾ ತಾಸು ಹೆಚ್ಚಿಗಿ.
ಕಾಲೇನು ಪುಕ್ಕಟ ಬಂದಾವ ನಿನಗ?
ಎಷ್ಟು ಸಲ ಕೇಳೀನೋ ನಾನು.

ಫಿನಾಯಿಲ್ ಬಾಟ್ಲಿ ರಬಿಯಾಬೀಗೆ ಕೊಟ್ಟೆ.
ಸೀಗಿಪುಡಿ ಹಾಕಿ ಫರ್ಸಿ ತಿಕ್ಕಿದೆ, ಬಿಸಿಲಿಗೆ ಬಾಗಿಲ ತೆಗೆದಿಟ್ಟೆ.
ಹೊಸಾ ನೀಲಿ ಟಬ್ಬು.
ಕಲ್ಲಿನ ಪುಡಿ ಅಲ್ಲ, ಕಾಗಿಣಾ ಹೊಳಿ ಉಸುಕು.
ಮೊದಲಿನ ಮೂಲಿ ಬಿಟ್ಟು ಮಂಚದ ಕೆಳಗ.
ನೀರಿನ ಬಟ್ಟಲ ಮೂರು ಕಡೆ.
ಮೊದಲನೇ ದಿನ ಮೂಸಿ ಹೋದ.
ಎರಡನೇ ದಿನ ಮೂಸಲಿಲ್ಲ ಸುದ್ದಾ.
ಮೂರನೇ ದಿನ ಮತ್ತ ಕೌದಿ. ಸುಗಲಾ ಅತ್ತಳು,
ನಾನು ಕೌದಿ ಒಗೆದೆ. ಯಾರೂ ಏನೂ ಅನ್ನಲಿಲ್ಲ.

ಐದನೇ ರಾತ್ರಿ ಮಂಚದ ಕೆಳಗ
ಕೆದರಿದ ಸಪ್ಪಳ.
ನಿಂತಿತು.
ನಾನು ಉಸುರು ಹಿಡಿದೆ, ಬಾಜೂಕ ಭೀಮಶಾನೂ.
ದೀಪ ಹಚ್ಚಲಿಲ್ಲ.
ಅತ್ತಿ ಕೆಮ್ಮು ತಡಕೊಂಡರು ಪಡಸಾಲ್ಯಾಗ.
ಆಮ್ಯಾಲ, ನಿಧಾನಕ, ಉಸುಕು ಮುಚ್ಚಿದ ಸಪ್ಪಳ.
ಹೊಯ್ದ, ಅಂದ ಭೀಮಶಾ ಕತ್ತಲದಾಗ,
ಮಗಳು ಪಾಸಾದಳು ಅಂದಾಂಗ.

ಮುಂಜಾನೆ ಚೀಲ ಹಿಡಕೊಂಡು ಬಜಾರಕ್ಕ ಹೊಂಟ.
ರೈಲು ಪಟ್ಟಿ ದಾರಿಗೆ.
ಸುತ್ತಾಗತದ ಅಂತ ನಾನು ಅನ್ನಲಿಲ್ಲ.
ಚಪ್ಪಲಿ ಇನ್ನೂ ನಾರತಿತ್ತು.