ಓಗೊಡುವ ಹೊತ್ತು

ಕರೆದರೆ ಓ ಅನ್ನಬೇಕು,
ಅದು ನಮ್ಮ ಓಣಿಯ ಮೊದಲ ಪಾಠ.
ತಡವಾದರೆ ಅವ್ವ ಎರಡನೇ ಸಲ ಕರೆಯುತ್ತಿರಲಿಲ್ಲ,
ಬಂದೇ ಬಿಡುತ್ತಿದ್ದಳು.

ಬ್ಯಾಡಗಿಯ ಸರ್ವರು ಓ ಅನ್ನಲು
ಹನ್ನೊಂದು ಸೆಕೆಂಡು ತೆಗೆದುಕೊಳ್ಳುತ್ತಿತ್ತು.
ಟೆಂಡರಿನ ದಿನ, ಗಡುವಿಗೆ ಐದು ನಿಮಿಷ ಇದ್ದಾಗ,
ಇಪ್ಪತ್ತೆಂಟು.
ಹುಬ್ಬಳ್ಳಿಯಿಂದ ನನ್ನನ್ನು ಕರೆಸಿದರು.

ಬಸ್ಸು ಮೋಟೆಬೆನ್ನೂರು ದಾಟುವಾಗಲೇ ಮೂಗಿಗೆ ಗೊತ್ತಾಯಿತು.
ಅಂಗಳದಲ್ಲಿ ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ,
ನಡುವೆ ಸೀನುತ್ತ ನಾನು.
ದಲಾಲಿ ಹಾಲಪ್ಪ ಹುಲ್ಲತ್ತಿಯವರು ಫೋನು ತೋರಿಸಿದರು.
ಗಾಲಿ ತಿರುಗುತ್ತಿತ್ತು.
"ಗಾಣದ ಎತ್ತಾದ್ರ ಸುತ್ತ ಹಾಕಿದ್ದಕ್ಕ ಎಣ್ಣಿ ಕೊಡತದ.
ಇದೇನ್ ಕೊಡತದ್ರಿ ಅಕ್ಕಾರ?"

ಸರ್ವರು ಇದ್ದದ್ದು ತೂಕದ ಕೋಣೆಯ ಹಿಂದೆ,
ಕಬ್ಬಿಣದ ಕಪಾಟಿನಲ್ಲಿ.
ತಿರುಪು ಬಿಚ್ಚಿ ಮುಚ್ಚಳ ತೆಗೆದೆ.
ಫ್ಯಾನಿನ ರೆಕ್ಕೆಗೆ ಅರ್ಧ ಬೆರಳು ದಪ್ಪ ಕೆಂಪು ಧೂಳು,
ಇನ್ನೊಂದು ಹಂಗಾಮು ಬಿಟ್ಟಿದ್ದರೆ ರಂಜಕವೇ ಆಗುತ್ತಿತ್ತು.
ಊದಿದೆ.
ಊದಬಾರದಿತ್ತು.

ಮೊದಲ ಪುಟದ ನೆತ್ತಿಯ ಮೇಲೆ ಉದ್ಘಾಟನೆಯ ಫೋಟೋ:
ರಿಬ್ಬನ್ನು, ಕತ್ತರಿ, ಹದಿನೇಳು ಜನ,
ಮೀಸೆಯ ಎಳೆ ಎಣಿಸಬಹುದಿತ್ತು.
ಎಂಟು ಎಂಬಿ.
ಬರೀ ದರ ಕೇಳಲು ಬಂದ ಪ್ರತಿ ಫೋನೂ
ಮೊದಲು ಆ ಹದಿನೇಳು ಜನರನ್ನು ಹೊತ್ತು ತರಬೇಕು.
"ತಗೀಬ್ಯಾಡ್ರಿ ಮತ್ತ," ಅಂದ ಕಾರಕೂನ,
"ಅಧ್ಯಕ್ಷರು ಅದಾರ ಅದರಾಗ."
ತೆಗೆಯಲಿಲ್ಲ, ಕುಗ್ಗಿಸಿದೆ.
ಮೀಸೆ ಉಳಿಯಿತು, ಎಳೆ ಹೋಯಿತು.

ಕಿಟಕಿಯಾಚೆ ಹರಿದ ಚೀಲದ ಮೇಲೆ ಕೂತು
ಹಜರತಬಿ, ನೀಲವ್ವ, ನಾನು ಹೆಸರು ಕೇಳದ ಇನ್ನೂ ನಾಲ್ವರು
ತೊಟ್ಟು ಬಿಡಿಸುತ್ತಿದ್ದರು.
ಕಾಯಿಗೆ ಒಂದೇ ಚಿವುಟು, ಕೈ ನೋಡುವುದೇ ಇಲ್ಲ.
"ತೊಟ್ಟಿಗೆ ಖಾರಿಲ್ಲ, ಬಣ್ಣಿಲ್ಲ, ಬರೇ ತೂಕ,"
ಅಂದಳು ಹಜರತಬಿ, ನಾನು ಏನೂ ಕೇಳದಿದ್ದರೂ.

ನಾನೂ ಕೂತೆ.
ಎಂದೋ ಹಾಕಿ ಮರೆತ ಓಡುವ ಅಕ್ಷರ,
ಒಂದು ಪುಟಕ್ಕೆ ನಾಲ್ಕು ನಮೂನೆ ಫಾಂಟು,
ಮೂರು ವರ್ಷದ ಹಿಂದಿನ ದೀಪಾವಳಿಯ ಹಣತೆ, ಇನ್ನೂ ಮಿಣುಕುತ್ತಿತ್ತು.
ಹಣತೆ ಆರಿಸುವಾಗ ಮಾತ್ರ
ಯಾಕೋ ಕೈ ತುಸು ತಡೆಯಿತು.

ಆದರೂ ನಾಲ್ಕು ಸೆಕೆಂಡು.
ದೀಪ ಹಚ್ಚುವ ಹೊತ್ತಿಗೆ ಸಿಕ್ಕಿತು ಗಂಟು:
ಒಂದು ಲಾಟಿನ ದರ ಕೇಳಿದರೆ
ಅದು ಮೊದಲನೇ ಚೀಲದಿಂದ ಶುರು ಮಾಡಿ
ಆರು ವರ್ಷದ ಚೀಲವನ್ನೆಲ್ಲ ಬಿಚ್ಚಿ ನೋಡುತ್ತಿತ್ತು.
ಪಾಪ, ಚೀಲದ ಮೇಲೆ ನಂಬರು ಬರೆದುಕೊಟ್ಟವರೇ ಇರಲಿಲ್ಲ.
ಇಂಡೆಕ್ಸಿಗೆ ಒಂದು ಸಾಲು ಬರೆದೆ, ಅಷ್ಟೇ.
ಅರ್ಧ ಸೆಕೆಂಡಿಗೆ ಓ ಅಂದಿತು.

ಮುಂದಿನ ಟೆಂಡರಿಗೆ ಅಂಗಳದಲ್ಲೇ ನಿಂತು ನೋಡಿದೆ.
ಒತ್ತಿದರು, ಬಂತು. ಒತ್ತಿದರು, ಬಂತು.
ಯಾರೂ ತಲೆ ಎತ್ತಲಿಲ್ಲ.
ಬಾವಿಗೆ ಬಿಟ್ಟ ಕೊಡ ತುಂಬಿ ಬಂದರೆ
ಯಾರು ಕೈ ಮುಗಿಯುತ್ತಾರೆ?

ಹಾಲಪ್ಪನವರು ಮುಖ ಸಣ್ಣದು ಮಾಡಿಕೊಂಡು ಬಂದರು:
"ಮೊದಲ ಗಾಲಿ ತಿರಗೂತನಾ
ನೂರು ರೂಪಾಯಿ ಏರಿಸ್ಲೋ ಬ್ಯಾಡೋ ವಿಚಾರ ಮಾಡ್ತಿದ್ನಿ.
ಈಗ ಕಣ್ಣ ಮುಚ್ಚಿ ತಗಿಯೂದ್ರಾಗ
ಪುಟ ಬಂದು ನಿಂತಿರತದ, ದರಾ ಹೇಳೋ ಹಾಲಪ್ಪ ಅಂತ.
ಎಲ್ಲಿ ವಿಚಾರ ಮಾಡ್ಲಿ?"
ನಾನು ಓ ಅನ್ನಲಿಲ್ಲ.

ವಾಪಸು ಬರುವಾಗ ಶಿಗ್ಗಾಂವಿ ಹತ್ತಿರ
ನಿದ್ದೆ ಎಳೆದು ಕಣ್ಣುಜ್ಜಿದೆ,
ಮೂರು ಸಲ ಸೋಪು ಹಚ್ಚಿ ತೊಳೆದ ಬೆರಳಿನಲ್ಲಿ.

ಸೊನ್ನೆ ಸೆಕೆಂಡಿಗೆ ಓಗೊಟ್ಟಿತು ಕಣ್ಣು.