ನೀರಿನ ಗೆರೆಯ ಪಕ್ಕ

ಶಾಲೆಯಿಂದ ಕೊಟ್ಟ ಹಾಳೆಯಲ್ಲಿ ಹತ್ತು ಪ್ರಶ್ನೆ,
ಪ್ರತಿ ಪ್ರಶ್ನೆಯ ಕೆಳಗೆ ಮೂರೇ ಮೂರು ಸಾಲು ಜಾಗ.
ಕ್ರೈನ್, ನನ್ನ ಮೊಮ್ಮಗಳ ಮಗ, ಪೆನ್ಸಿಲ್ ಚೂಪು ಮಾಡಿಕೊಂಡು
ಅಡುಗೆಮನೆಯ ಮೇಜಿನೆದುರು ಕೂತಿದ್ದಾನೆ, ಜಪ್ತಿಗೆ ಬಂದ ಅಮೀನನ ಹಾಗೆ.
'ಯುದ್ಧದಲ್ಲಿ ನಿಮ್ಮ ಊರಿಗೆ ಏನಾಯಿತು?'

ನೀರಾಯಿತು, ಎಂದೆ. ಬರಕೋ.

ಮೂರು ಸಾಲು ಸಾಲದ್ದು ಅಲ್ಲಿಂದ ಮುಂದೆ.
ವಾಲ್ಖೆರೆನ್ ಅಂದರೆ ಒಂದು ಬೋಗುಣಿ, ಮಗು.
ಅಂಚು ಎತ್ತರ, ತಳ ಸಮುದ್ರಕ್ಕಿಂತ ಕೆಳಗೆ.
ಅಕ್ಟೋಬರ್ ತಿಂಗಳು. ಹಿಂದಿನ ದಿನ ಆಕಾಶದಿಂದ ಕಾಗದ ಉದುರಿತ್ತು:
ಹೊರಡಿ, ಬೇಗ ಹೊರಡಿ. ಎಲ್ಲಿಗೆ ಎಂದು ಬರೆದಿರಲಿಲ್ಲ.
ಅಪ್ಪ ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದ.

ನೀರು ಬಂತು, ಓಡಿಕೊಂಡಲ್ಲ,
ಸಾಲ ಕೇಳಲು ಬಂದ ನೆಂಟನಂತೆ ಹೊಸ್ತಿಲಲ್ಲಿ ತುಸು ನಾಚಿ,
ಆಮೇಲೆ ಒಳಗೆ. ಆಮೇಲೆ ಹೋಗಲೇ ಇಲ್ಲ.
ಹೋಗಲೇ ಇಲ್ಲ ಅಂದರೆ ಸುಳ್ಳು. ದಿನಕ್ಕೆ ಎರಡು ಸಲ ಹೋಗುತ್ತಿತ್ತು,
ಎರಡು ಸಲ ಬರುತ್ತಿತ್ತು, ಬೀಗದ ಕೈ ತನ್ನ ಸೊಂಟದಲ್ಲೇ ಇದ್ದಂತೆ.
ಒಂದು ವರ್ಷ.
ನಾವು ಅಟ್ಟದ ಮೇಲೆ, ಹದಿಮೂರು ಜನ, ಎರಡು ಮೇಕೆ.
ಕೆಳಗೆ ರೊಟ್ಟಿ ಸುಡುವ ಗೂಡಿನಲ್ಲಿ ಏಡಿ ಸಂಸಾರ ಹೂಡಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ.
ನಮ್ಮ ಹೊಲ ಮೊದಲು ನೀರು ಕುಡಿಯಿತು,
ಉಪ್ಪು ತಿಂದದ್ದು ಆಮೇಲೆ.
ಸೇಬಿನ ಗಿಡಗಳು ಮುಂದಿನ ವಸಂತದಲ್ಲಿ
ಒಂದೇ ಒಂದು ಹೂವಿಲ್ಲದೆ ನಿಂತವು, ಕಾಂಡದ ತುಂಬ ಬೂದು ಚಿಪ್ಪು.
ದೋಣಿಗಟ್ಟಲೆ ಜಿಪ್ಸಮ್ ಪುಡಿ ತಂದು ಚೆಲ್ಲಿ
ಮಣ್ಣಿನ ಬಾಯಿ ಮುಕ್ಕಳಿಸಿದರು.

'ಒಡ್ಡು ಒಡೆದವರು ಯಾರು?' ನಾಲ್ಕನೆಯ ಪ್ರಶ್ನೆ.
ನಮ್ಮನ್ನು ಬಿಡಿಸಲು ಬಂದವರು.
ಅವನು ಬರೆದ, ಅಳಿಸಿದ, ನನ್ನ ಮುಖ ನೋಡಿದ.
'ಅಜ್ಜಿ, ಇಲ್ಲಿ ಶತ್ರು ಅನ್ನಬೇಕಲ್ಲವಾ?'
ಶತ್ರು ಕರಾವಳಿಯುದ್ದ ಫಿರಂಗಿ ಇಟ್ಟು ಕೂತಿದ್ದ.
ಬಿಡಿಸುವವರು ಒಡ್ಡನ್ನೇ ಒಡೆದರು. ಅವರು ಬಂದ ದಿನ
ಅಮ್ಮ ಅವರಿಗೆ ಮುತ್ತು ಕೊಟ್ಟಳು, ಮೊಣಕಾಲುದ್ದ ನೀರಲ್ಲಿ ನಿಂತು.
ಎರಡೂ ನಿಜ. ಜಾಗ ಸಾಲದಿದ್ದರೆ ಹಾಳೆಯ ಹಿಂದೆ ಬರೆ.

ಆಮೇಲೆ ಅವನನ್ನು ಬಾಗಿಲ ಚೌಕಟ್ಟಿನ ಹತ್ತಿರ ಕರೆದೊಯ್ದೆ.
ಹತ್ತು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತೇವೆ, ಆ ಒಂದು ಪಟ್ಟಿ ಬಿಟ್ಟು.
ನಮ್ಮ ಮನೆಯ ಮಕ್ಕಳೆಲ್ಲ ಅಲ್ಲಿ ಪೆನ್ಸಿಲ್ ಗೆರೆಗಳಾಗಿ ಬೆಳೆದಿದ್ದಾರೆ:
ಯಾಕೊಮೀನಾ ಅಂದರೆ ನಾನು, ಅಕ್ಕ ಪೀಟರ್ನೆಲ್ಲಾ,
ಇವನ ಅಜ್ಜ ಮರೀನುಸ್, ಇವನ ಅಮ್ಮ.
ಎಲ್ಲರ ನಡುವೆ ಹಾದು ಒಂದು ಕಂದು ಗೆರೆ.
ಅದನ್ನು ಯಾರೂ ಎಳೆದದ್ದಲ್ಲ.

ಅವನ ಬೆರಳು ಇಳಿಯುತ್ತ ಇಳಿಯುತ್ತ ತೀರ ಕೆಳಗೆ ನಿಂತಿತು.
'ಲೀವೆನ್, ನಾಲ್ಕು ವರ್ಷ. ಇವನಿಗೆ ಯಾಕೆ ಒಂದೇ ಗೆರೆ?'
ಇದು ಹಾಳೆಯಲ್ಲಿ ಇರಲಿಲ್ಲ.
ನನ್ನ ತಮ್ಮ, ಎಂದೆ.
ಉಳಿದದ್ದಕ್ಕೆ ಮೂರು ಸಾಲು ಹೆಚ್ಚಾಯಿತು.

ಕ್ರೈನ್ ಚೌಕಟ್ಟಿಗೆ ಬೆನ್ನು ತಾಗಿಸಿ ನಿಂತ, ಹಿಮ್ಮಡಿ ಎತ್ತದೆ, ಪ್ರಾಮಾಣಿಕವಾಗಿ.
ಕಂದು ಗೆರೆ ಅವನ ನೆತ್ತಿಗಿಂತ ನಾಲ್ಕು ಬೆರಳು ಮೇಲಿತ್ತು.
ತಲೆಯ ಮೇಲೆ ಕೈಯಾಡಿಸಿ ಅಳೆದುಕೊಂಡ.
ಗಲ್ಲ ಎತ್ತಿದ. ಬಾಯಿ ಮುಚ್ಚಿ ಉಸಿರು ಹಿಡಿದ.
ಕೆನ್ನೆ ಕೆಂಪಾಗುವವರೆಗೂ ಹಾಗೇ ನಿಂತಿದ್ದು, ಬಿಟ್ಟು, ಕೇಳಿದ:
'ತುಂಬಾ ತಣ್ಣಗಿತ್ತಾ?'

ಎಂಬತ್ತು ವರ್ಷ. ಮೇಯರ್ ಹೂಗುಚ್ಛ ಹಿಡಿದು ಬಂದರು,
ಟೇಪ್ ರೆಕಾರ್ಡರ್ ಹಿಡಿದವರು ಬಂದರು, ತಾರೀಖು ಕೇಳಿ ಹೋದರು.
ಇದನ್ನು ಯಾರೂ ಕೇಳಿರಲಿಲ್ಲ.

ಕೂತುಕೋ, ಎಂದೆ. ಪೆನ್ಸಿಲ್ ಕೆಳಗಿಡು.