ಮೇ ಗಡ್ಡಿ

ಹೌಸಾಬಾಯಿ ಲಾತೂರಿಗೆ ಹೊಂಟಾಗ
ಟೆಂಪೋದಾಗ ಎಲ್ಲಾ ಹಿಡಿದವು, ಇದೊಂದು ಹಿಡೀಲಿಲ್ಲ.
"ಭಾವೂ, ಹೀ ಕುಂಡೀ ತುಮ್ಹೀ ಸಾಂಭಾಳಾ" ಅಂದಳು.
ಮರಾಠಿಯೊಳಗ ಕುಂಡಿ ಅಂದ್ರ ಹೂವಿನ ಮಡಿಕಿ.
ನಮ್ಮ ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು
ಒಳಗ ಓಡಿದಳು, ನಗಲಿಕ್ಕೆ.

ಖರೇ ಅಂದ್ರ ಅದು ಎಣ್ಣಿ ಡಬ್ಬಿ,
ತಳಕ್ಕ ಮೊಳಿಯಿಂದ ಹೊಡೆದ ಮೂರು ತೂತು,
ಮಣ್ಣಿನ ಮ್ಯಾಲ ಕುತ್ತಿಗಿ ಎತ್ತಿದ ಒಂದು ಗಡ್ಡಿ,
ಥೇಟ್ ಉಳ್ಳಾಗಡ್ಡಿ.
ಸೋಲಾಪುರದ ಯಾರ್ಡಿನಾಗ ಇಪ್ಪತ್ತಾರು ವರ್ಷ
ಚೀಲ ಹೊತ್ತ ಈ ಬೆನ್ನಿಗೆ
ಇನ್ನೊಂದು ಗಡ್ಡಿ ಏನು ಭಾರ ಅಂದುಕೊಂಡೆ.

ಆ ವರ್ಷ ಮೇದಾಗ, ನಲವತ್ಮೂರು ಡಿಗ್ರಿಯೊಳಗ,
ಪತ್ರಾಸಿನ ಮನಿ ಹಂಚಿನಂಗ ಕಾದಾಗ,
ಬೋಳು ದಂಟಿನ ತುದಿಗೆ ಒಂದು ಕೆಂಪು ಚೆಂಡು.
ಚಾಳಿನ ಹುಡುಗರು ಪಾಳಿ ಹಚ್ಚಿ ನೋಡಿದರು.
ಹತ್ತು ದಿನ. ಆಮ್ಯಾಲ ಅಗಲ ಎಲಿ ಬಂದವು,
ಮಂದಿ ಬರೂದು ಬಿಟ್ಟರು.

ದೀಪಾವಳಿ ದಾಟಿತು, ಎಲಿ ಹಳದಿ ಆದವು.
ನನ್ನ ಜೀವ ಹಾರಿತು.
ದಿನಾ ಒಂದು ಚರಿಗಿ ನೀರು ಹಾಕಿದೆ,
ಚಹಾದ ಚರಟ ಹಾಕಿದೆ,
ನೀಲವ್ವ ಊದುಬತ್ತೀನೂ ಹಚ್ಚಿದಳು.
ಎಲಿ ಬುಡಕ್ಕ ಕುಸಿದ ದಿನ
ಕಸದ ಗಾಡಿ ಶಿಟ್ಟಿ ಹೊಡೀತು, ಡಬ್ಬಿ ಎತ್ತಿದೆ,
ಕೈ ತನ್ನಷ್ಟಕ್ಕ ತಾನ ಮಣ್ಣಾಗ ಹೋತು,
ಹೆಬ್ಬಟ್ಟು ಒತ್ತಿ ನೋಡಿತು.

ಯಾರ್ಡಿನಾಗ ನಾವು ಹಂಗ ನೋಡೂದು:
ಮೆತ್ತಗಿದ್ರ ಕೊಳತೈತಿ, ಗಟ್ಟಿ ಇದ್ರ ಮಲಗೈತಿ.
ಒಂದು ಬದಿ ಮೆತ್ತಗ ಇತ್ತು. ಅದು ನಾನು ಹಾಕಿದ ನೀರು.
ಉಳಿದದ್ದು ಗಟ್ಟಿ.

"ಲಾರಿಗಟ್ಟಲೆ ಮಾಲು ತೋಯದಂಗ ಕಾಯ್ತೀರಿ,
ಇದಕ್ಯಾಕ ನೀರು ಕುಡಿಸಿದ್ರಿ?"
ಏನು ಹೇಳಲಿ ನೀಲವ್ವಗ.
ಬಾಡಿದ್ದು ಕಂಡ್ರ ಚರಿಗಿ ಹುಡುಕತೈತಿ ಕೈ.

ಕೆಟ್ಟದ್ದು ಕೊಯ್ದೆ, ಬೂದಿ ಹಚ್ಚಿದೆ,
ಹೊರಸಿನ ಕೆಳಗ ಗೋಣಿತಟ್ಟಿನ ಮ್ಯಾಲ ಇಟ್ಟೆ.
ಯುಗಾದಿ ತನಕ ಒಂದು ಹನಿ ಇಲ್ಲ.
ಚೀಲ ಹೊರೂದಕ್ಕಿಂತ ಬಿರಿ ಕೆಲಸ ಅದು,
ಏನೂ ಮಾಡದ ಇರೂದು.
ನಡುವ ಒಂದಿನ ನೀಲವ್ವನ ತಂಗಿ ಮಗ
ಭಜಿಗೆ ಹೆಚ್ಚಲಿಕ್ಕೆ ಅದನ್ನ ಎತ್ತಿದ್ದ, ಚಾಕು ಹಿಡಿದು.
ಸ್ವಲ್ಪದಾಗ ಉಳಿದವು, ಗಡ್ಡೀನೂ ಅವನೂ.
ವಿಷ ಐತಿ ಅದರಾಗ.

ಈಗ ಏಳು ಚೆಂಡು ಆದವು.
ಡಬ್ಬಿ ಬದಲಿಸಿಲ್ಲ, ಇಕ್ಕಟ್ಟ ಬೇಕು ಅದಕ್ಕ,
ನಮ್ಮ ಖೋಲಿಯಂಗ.
ಗೊಬ್ಬರ ಹಾಕೂದು ಹೂ ಹೋದ ಮ್ಯಾಲ,
ಯಾರೂ ನೋಡಲಿಕ್ಕೆ ಬರದ ಎಲಿಗೆ.
ಮುಂದಿನ ಮೇ ಅಲ್ಲೇ ಕಟ್ಟತೈತಿ.
ಬಿಟ್ಟರ ಉಳ್ಳಾಗಡ್ಡೀನೂ ಇಂಥಾ ಚೆಂಡು ಬಿಡತೈತಿ,
ಬೆಳ್ಳಗ. ಯಾರು ಬಿಡತಾರ.

ಹೂ ಒಡೆದ ದಿನ ಲಾತೂರಿಗೆ ಫೋನ್ ಹಚ್ಚತೀನಿ.
"ಫೂಲ ಆಲಂ ಕಾ?" ಅಂತಾಳ, ಹಲೋ ಅನ್ನೂದಕ್ಕ ಮೊದಲ.
ಅರ್ಧ ಆಕಿ ಭಾಷಾ, ಅರ್ಧ ನಂದು:
ಬಾಯಿ, ನಿಮ್ಮ ಕುಂಡಿ ಛಲೋ ಐತ್ರಿ.
ಬೆನ್ನ ಹಿಂದ ನೀಲವ್ವ
ಸೆರಗು ಹುಡುಕತಾಳ.